ಮಕ್ಕಳ ಬುದ್ಧಿಯನ್ನು ಅಳೆಯುವ ಕೋಲು
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಕೆಲವು ತಿಂಗಳ ಹಿಂದೆ ನಮ್ಮ ಸದಸ್ಯರೊಬ್ಬರು ಒಂದು ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಇಲ್ಲಿಗೆ ಬಂದರು. ಅವರು ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಎಂಟು ವರ್ಷದ ಮಗನನ್ನು ಈ ಊರಿನ ಶಾಲೆಯೊಂದಕ್ಕೆ ಸೇರಿಸಿದ್ದರು. ಶಾಲೆಯವರು ಹುಡುಗನಿಗೆ ಬುದ್ಧಿಪರೀಕ್ಷೆ ಮಾಡಿಸಿ, 74 ಎಂದು ಬರೆದುಕೊಟ್ಟಿದ್ದರು. “ನೂರಕ್ಕ ಎಪ್ಪತ್ನಾಕು ಅಂದ್ರ ಛಲೋನ ಅಲ್ರೀ ಮಾಸ್ತರ? ಮತ್ತ ಬ್ಯಾರೆ ಸಾಲಿ ನೋಡ್ಕೋರಿ ಅಂತಾರಲ್ಲ, ಯಾಕ್ರೀ?” ಎಂದು ಅವರು ಕೇಳಿದರು. ನಮಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ಅಂದು ಹೇಳಲಾರದ್ದನ್ನು ಓದಿ ತಿಳಿದುಕೊಂಡು ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಈ ಪರೀಕ್ಷೆ ಏಕೆ ಹುಟ್ಟಿತು ಎಂಬುದನ್ನು ನೋಡೋಣ. ಫ್ರಾನ್ಸಿನಲ್ಲಿ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯವಾದ ಮೇಲೆ, ತರಗತಿಯ ಪಾಠ ಹತ್ತದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಬಗೆಯ ಪಾಠ ಕೊಡಬೇಕೆಂಬ ಪ್ರಶ್ನೆ ಬಂತು. 1904ರಲ್ಲಿ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಅದರಲ್ಲಿದ್ದ ಆಲ್ಫ್ರೆಡ್ ಬಿನೆ ಎಂಬ ವಿದ್ವಾಂಸರು ಸೈಮನ್ ಎಂಬ ವೈದ್ಯರೊಡನೆ ಸೇರಿ 1905ರಲ್ಲಿ ಮೂವತ್ತು ಸಣ್ಣ ಪರೀಕ್ಷೆಗಳ ಒಂದು ಮಾಲೆಯನ್ನು ಸಿದ್ಧಪಡಿಸಿದರು. ಉರಿಯುವ ಬೆಂಕಿಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳ ಹೆಸರು ಹೇಳುವುದು, ಕೇಳಿದ ಮೂರು ಅಂಕಿಗಳನ್ನು ಮರಳಿ ಹೇಳುವುದು, ಎರಡು ತೂಕಗಳಲ್ಲಿ ಭಾರವಾದದ್ದನ್ನು ಆರಿಸುವುದು—ಹೀಗೆ ಸುಲಭದಿಂದ ಕಠಿಣಕ್ಕೆ ಏರುವ ಮೆಟ್ಟಿಲುಗಳು. ಕೈ ಹಿಡಿದು ಮೇಲೆತ್ತಬೇಕಾದ ಮಗು ಯಾವುದು ಎಂದು ಕಂಡುಹಿಡಿಯುವುದೇ ಇದರ ಉದ್ದೇಶ. ಹೊರಗೆ ಹಾಕಬೇಕಾದ ಮಗುವನ್ನು ಹುಡುಕುವುದಲ್ಲ. ಬುದ್ಧಿ ಎಂಬುದು ಹುಟ್ಟಿನಿಂದ ಸಾವಿನವರೆಗೆ ಹೆಚ್ಚದ, ತಗ್ಗದ ಮೂಟೆ ಎಂಬ ಮಾತನ್ನು ಬಿನೆಯವರೇ 1909ರಲ್ಲಿ ಬಲವಾಗಿ ಖಂಡಿಸಿದರು.

ಈಗ ಅಂಕಿಯ ಮಾತು. ಎಂಟು ವರ್ಷದ ಮಗು ಸಾಮಾನ್ಯವಾಗಿ ಹತ್ತು ವರ್ಷದ ಮಕ್ಕಳು ಬಿಡಿಸುವ ಪ್ರಶ್ನೆಗಳವರೆಗೆ ಬಿಡಿಸಿದರೆ ಅದರ ಮಾನಸಿಕ ವಯಸ್ಸು ಹತ್ತು. ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಉಪಾಯವನ್ನು 1912ರಲ್ಲಿ ಜರ್ಮನಿಯ ಸ್ಟರ್ನ್ ಹೇಳಿದರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿ ಬಳಕೆಗೆ ತಂದರು. ಹತ್ತನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸಿದರೆ 125. ಇದೇ ಬುದ್ಧಿಲಬ್ಧ, ಜನ ಆಡುವ ಮಾತಿನಲ್ಲಿ ಐಕ್ಯೂ. ಇಂದಿನ ಹೆಚ್ಚಿನ ಪರೀಕ್ಷೆಗಳಲ್ಲಿ ಈ ಭಾಗಾಕಾರವೂ ಇಲ್ಲ. ಅದೇ ವಯಸ್ಸಿನ ಬಹಳ ಮಕ್ಕಳಿಗೆ ಮೊದಲೇ ಪರೀಕ್ಷೆ ಮಾಡಿ, ಅವರ ಸರಾಸರಿಯನ್ನು 100 ಎಂದು ಇಟ್ಟುಕೊಂಡಿರುತ್ತಾರೆ. ಮೂವರಲ್ಲಿ ಸುಮಾರು ಇಬ್ಬರು 85 ಮತ್ತು 115ರ ನಡುವೆ ಬರುವಂತೆ ಅಳತೆಯನ್ನು ಹೊಂದಿಸಿರುತ್ತಾರೆ. ಆದ್ದರಿಂದ ಬಂಧುಗಳೇ, 74 ಎಂದರೆ ನೂರಕ್ಕೆ ಎಪ್ಪತ್ತನಾಲ್ಕು ಅಂಕವಲ್ಲ. ಸಾಲಾಗಿ ನಿಂತ ಮಕ್ಕಳಲ್ಲಿ ಈ ಮಗು ಎಲ್ಲಿ ನಿಂತಿದೆ ಎಂಬುದರ ಗುರುತು ಅದು. ಹಾಗಾದರೆ ಆ ಸಾಲಿನಲ್ಲಿ ನಿಂತ ಮಕ್ಕಳು ಯಾರು ಎಂಬುದೇ ನಾವು ಕೇಳಬೇಕಾದ ಮೊದಲ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲೂ ಹಿಂದೆಯೇ ಕೇಳಿದ್ದಾರೆ. ಪ್ಯಾರಿಸ್ ಅಥವಾ ಅಮೆರಿಕದ ಮಗುವಿಗೆ ಹೊಲಿದ ಅಂಗಿ ನಮ್ಮ ಮಗುವಿಗೆ ಒಪ್ಪುವುದಿಲ್ಲವೆಂದು ಕಂಡು, ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರ ಪುಸ್ತಕ 1940ರಲ್ಲಿ ಪ್ರಕಟವಾಯಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ಆಸ್ಪತ್ರೆಯ ಕಾಗದಗಳಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತದೆ. ಅಕ್ಷರ ಬಾರದವರಿಗೂ ಅನುಕೂಲವಾಗಲೆಂದು ಮಾತಿಗಿಂತ ಕೈಕೆಲಸಕ್ಕೆ ಹೆಚ್ಚು ಸ್ಥಾನವಿರುವ ಪರೀಕ್ಷಾಮಾಲೆಯನ್ನು ಭಾಟಿಯಾ ಎಂಬವರು 1955ರಲ್ಲಿ ಹೊರತಂದರು. ಬಣ್ಣದ ಮರದ ತುಂಡುಗಳನ್ನು ಚಿತ್ರದಂತೆ ಜೋಡಿಸುವಂಥ ಕೆಲಸಗಳು ಅದರಲ್ಲಿವೆ.

ಇನ್ನು, ಈ ಪರೀಕ್ಷೆಗಳು ಅಳೆಯುವುದಾದರೂ ಏನನ್ನು? ಮಗುವಿಗೆ ಗೊತ್ತಿರುವ ಶಬ್ದಗಳು, ಎರಡು ವಸ್ತುಗಳಲ್ಲಿ ಹೋಲಿಕೆ ಕಾಣುವುದು, ಅಂಕಿಗಳನ್ನು ಸ್ವಲ್ಪ ಹೊತ್ತು ನೆನಪಿಡುವುದು, ಆಕಾರಗಳನ್ನು ಕೂಡಿಸುವುದು, ಬೇಗ ಮಾಡುವುದು—ಇವುಗಳನ್ನು. ಇವು ಶಾಲೆಯ ಓದಿಗೆ ಬೇಕಾದ ಶಕ್ತಿಗಳು. ಆದಕಾರಣ ಈ ಅಂಕಿಗೂ ಶಾಲೆಯ ಅಂಕಗಳಿಗೂ ನಿಜವಾಗಿಯೇ ಸಂಬಂಧವಿದೆ. ಪರೀಕ್ಷೆಯೆಲ್ಲ ಸುಳ್ಳು ಎಂದು ನಾವು ಹೇಳುವುದಿಲ್ಲ. ನಿಜವಾಗಿ ಹಿಂದುಳಿದ ಮಗುವಿನ ಕಷ್ಟವನ್ನು ಸೋಮಾರಿತನವೆಂದು ತಿಳಿದು ಹೊಡೆಯುವ ತಂದೆಗೆ, ಮಾಸ್ತರಿಗೆ, ಈ ಪರೀಕ್ಷೆ ಕಣ್ಣು ತೆರೆಸಬಲ್ಲುದು. ಆದರೆ ಪ್ರಾಮಾಣಿಕತೆ, ಹಟ ಹಿಡಿದು ಕೆಲಸ ಮುಗಿಸುವ ಗುಣ, ತಂಗಿಯನ್ನು ಎತ್ತಿಕೊಂಡು ಮನೆ ನೋಡಿಕೊಳ್ಳುವ ಜವಾಬ್ದಾರಿ, ಹಾಡು, ಕೈಚಳಕ—ಇವನ್ನು ಅದು ಅಳೆಯುವುದಿಲ್ಲ.

ಮಗುವಿಗೆ ಪರಿಚಯವಿರುವ ಸನ್ನಿವೇಶವೇ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಬ್ರೆಜಿಲಿನ ರೆಸೀಫೆ ನಗರದ ಬೀದಿಯಲ್ಲಿ ತೆಂಗಿನಕಾಯಿ ಮೊದಲಾದವನ್ನು ಮಾರುವ ಐದು ಮಕ್ಕಳನ್ನು ಸಂಶೋಧಕರು ಗಿರಾಕಿಗಳಂತೆ ಮಾತನಾಡಿಸಿದರು. ಅವರ ವರದಿ 1985ರಲ್ಲಿ ಪ್ರಕಟವಾಯಿತು. ಒಂದು ಕಾಯಿಗೆ 35, ಹತ್ತಕ್ಕೆಷ್ಟು? ಹುಡುಗ ಮೂರಕ್ಕೆ 105 ಎಂದ, ಇನ್ನು ಮೂರು ಸೇರಿಸಿ 210 ಎಂದ, ಹೀಗೆ ಕೂಡಿಸುತ್ತ 350ಕ್ಕೆ ಬಂದ. ವ್ಯಾಪಾರದಲ್ಲಿ ಆ ಮಕ್ಕಳ ಲೆಕ್ಕ ನೂರಕ್ಕೆ 98 ಪಾಲು ಸರಿ. ಅದೇ ಬಗೆಯ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37 ಮಾತ್ರ. ಮಕ್ಕಳು ಅವರೇ, ತಲೆಯೂ ಅದೇ. ಕೇಳಿದ ರೀತಿ ಬೇರೆ.

ಅಂಕಿ ಹಣೆಬರಹವೂ ಅಲ್ಲ. 1932ರಿಂದ 1978ರ ವರೆಗೆ ಅಮೆರಿಕದ ಜನರ ಸರಾಸರಿ ಸುಮಾರು 14 ಅಂಶ ಏರಿತ್ತೆಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಅಷ್ಟು ಅಲ್ಪಕಾಲದಲ್ಲಿ ಜನರ ರಕ್ತ ಬದಲಾಗುವುದಿಲ್ಲ; ಬದಲಾದದ್ದು ಬದುಕು. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2018ರ ಅಧ್ಯಯನವೊಂದು, ಹೆಚ್ಚಿನ ಒಂದೊಂದು ವರ್ಷದ ವಿದ್ಯಾಭ್ಯಾಸವೂ ಬುದ್ಧಿಲಬ್ಧವನ್ನು ಒಂದರಿಂದ ಐದು ಅಂಶದಷ್ಟು ಏರಿಸುತ್ತದೆ ಎಂದು ಕಂಡಿತು. ಅಂದಮೇಲೆ ಅಂಕಿ ಕಡಿಮೆ ಬಂತೆಂದು ಶಾಲೆ ಬಿಡಿಸುವುದು, ಜ್ವರ ಬಂತೆಂದು ಔಷಧಿ ನಿಲ್ಲಿಸಿದಂತೆ.

ನಿಮ್ಮ ಕೈಗೆ ಇಂಥ ಕಾಗದ ಬಂದರೆ ಹೆದರಬೇಡಿ, ಹರಿದು ಎಸೆಯಲೂ ಬೇಡಿ. ವಿನಯದಿಂದ, ಆದರೆ ಧೈರ್ಯವಾಗಿ ಕೆಲವು ಪ್ರಶ್ನೆ ಕೇಳಿ. ಯಾವ ಪರೀಕ್ಷೆ, ಅದನ್ನು ಯಾವ ವರ್ಷ ಯಾವ ಮಕ್ಕಳ ಮೇಲೆ ಹೊಂದಿಸಿದ್ದು? ಯಾವ ಭಾಷೆಯಲ್ಲಿ ಕೇಳಿದಿರಿ? ಮಗುವನ್ನು ಒಂಟಿಯಾಗಿ ಕೂರಿಸಿ ತರಬೇತಾದವರು ಕೇಳಿದರೋ, ಇಡೀ ತರಗತಿಗೆ ಒಟ್ಟಿಗೆ ಕಾಗದ ಹಂಚಿದರೋ? ಮೊದಲು ಕಣ್ಣು, ಕಿವಿ ನೋಡಿಸಿದ್ದಿರಾ? ತಕ್ಕಡಿಗೂ ತಪ್ಪುಂಟು; ಆದ್ದರಿಂದ ಒಂದೇ ಅಂಕಿಯನ್ನಲ್ಲ, ಇಷ್ಟರಿಂದ ಇಷ್ಟರೊಳಗೆ ಎಂಬ ಅಂದಾಜನ್ನು ಕೇಳಿ. ಕೊನೆಯದಾಗಿ, ಈ ಫಲಿತಾಂಶದಿಂದ ನನ್ನ ಮಗುವಿಗೆ ಯಾವ ಸಹಾಯ ಕೊಡುತ್ತೀರಿ ಎಂದು ಕೇಳಿ. ಸಹಾಯಕ್ಕೆ ದಾರಿ ಮಾಡದ ಪರೀಕ್ಷೆ ಬಿನೆಯವರ ಉದ್ದೇಶವನ್ನೇ ಮರೆತಂತೆ.

ಆ ಸದಸ್ಯರ ಮಗನ ವಿಷಯ ಹೇಳಿ ಮುಗಿಸುತ್ತೇವೆ. ವಿಚಾರಿಸಿದಾಗ, ಹುಡುಗ ಹತ್ತು ತಿಂಗಳಿಂದ ಮಾತ್ರ ಕೇಳುತ್ತಿದ್ದ ಇಂಗ್ಲಿಷಿನಲ್ಲಿ ಪರೀಕ್ಷೆ ನಡೆದಿತ್ತೆಂದು ತಿಳಿಯಿತು. ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರೊಬ್ಬರನ್ನು ಹುಡುಕಿ ಮತ್ತೆ ತೋರಿಸಿದೆವು. ಅವರು ಬರೆದದ್ದು 88ರಿಂದ 98ರ ಒಳಗೆ ಎಂದು. ಹುಡುಗನಿಗೆ ಓದು ಇನ್ನೂ ತಡವರಿಸುತ್ತದೆ; ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ಪಾಳಿ ಮುಗಿಸಿ ಬಂದು ಅವನನ್ನು ಸಂಜೆ ಇದೇ ಮೇಜಿಗೆ ಕರೆತರುತ್ತಾರೆ. ನಮ್ಮಲ್ಲಿ ಇಂಗ್ಲಿಷು ಬಲ್ಲ ಗುಮಾಸ್ತ ಮಿತ್ರರು ಸರದಿಯಂತೆ ಅರ್ಧ ಗಂಟೆ ಅವನ ಪಕ್ಕದಲ್ಲಿ ಕೂರುತ್ತಾರೆ. ಇಂಥ ಮಕ್ಕಳು ನಿಮ್ಮ ಚಾಳಿನಲ್ಲಿ, ನಿಮ್ಮ ಓಣಿಯಲ್ಲಿ ಇದ್ದರೆ ಕರೆತನ್ನಿ. ಮೇಜು ದೊಡ್ಡದಿದೆ, ದೀಪವೂ ಇದೆ.