ಕಿವಿಯ ಗುಗ್ಗೆ



ಬಾನುಲಿಯ ಮಾತು ನಿಮ್ಮನ್ನು ಮುಟ್ಟುವುದಕ್ಕೆ ಕಿವಿಯೊಂದೇ ಬಾಗಿಲು. ಆ ಬಾಗಿಲು ಮುಚ್ಚಿಕೊಂಡಾಗ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎಂಬ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡದ ಮೇಷ್ಟ್ರು. ಆದರೆ ಆಯುಷ್ಯದ ಬಹುಭಾಗವನ್ನು ಇತರರ ಕಿವಿಗಳನ್ನು ನಂಬಿಯೇ ಕಳೆದವನಿಗೆ ಈ ಅಂಗದ ಮೇಲೆ ಒಂದಿಷ್ಟು ಕುತೂಹಲ, ಒಂದಿಷ್ಟು ಕೃತಜ್ಞತೆ ಇರುವುದು ಸಹಜ.

ಗುಗ್ಗೆ ಎಂಬ ಶಬ್ದವನ್ನು ನಾಲ್ಕು ಜನರ ನಡುವೆ ಉಚ್ಚರಿಸಲು ಸಂಕೋಚಪಡುವವರುಂಟು. ಅದು ಕೊಳೆ ಎಂಬ ಭಾವನೆಯೇ ಈ ಸಂಕೋಚಕ್ಕೆ ಕಾರಣ. ಹೊರಕಿವಿಯ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದ. ಅದರ ಹೊರಗಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಸಣ್ಣ ರೋಮಗಳೂ ಗ್ರಂಥಿಗಳೂ ಇವೆ. ಈ ಗ್ರಂಥಿಗಳ ಜಿಡ್ಡು ಉದುರಿದ ಚರ್ಮದೊಡನೆ ಕಲೆತು ಗುಗ್ಗೆಯಾಗುತ್ತದೆ. ಧೂಳನ್ನು ತಡೆಯುವುದು, ಚರ್ಮ ನೆನೆದು ಹಾಳಾಗದಂತೆ ಕಾಯುವುದು, ತನ್ನ ತುಸು ಹುಳಿಗುಣದಿಂದ ರೋಗಾಣುಗಳೂ ಬೂಷ್ಟೂ ಬೆಳೆಯದಂತೆ ನೋಡಿಕೊಳ್ಳುವುದು, ಇವು ಅದರ ಕೆಲಸ. ಕೆಲಸ ಮುಗಿದ ಮೇಲೆ ಅದು ತಾನಾಗಿಯೇ ಹೊರಡುತ್ತದೆ. ತಮಟೆಯ ಮೇಲಿನ ಚರ್ಮ ನಡುವಿನಿಂದ ಅಂಚಿಗೂ, ಅಂಚಿನಿಂದ ನಾಳದ ಗೋಡೆಗುಂಟ ಹೊರಬಾಯಿಗೂ ಉಗುರು ಬೆಳೆಯುವಷ್ಟೇ ನಿಧಾನವಾಗಿ ಸರಿಯುತ್ತ, ಹಳೆಯ ಗುಗ್ಗೆಯನ್ನು ತನ್ನೊಡನೆ ಹೊತ್ತು ತರುತ್ತದೆ. ಅಗಿಯುವಾಗಲೂ ಮಾತಾಡುವಾಗಲೂ ದವಡೆ ಅಲುಗುವುದು ಇದಕ್ಕೆ ನೆರವು. ಮಾತಾಳಿಗಳ ಕಿವಿ ಉಳಿದವರದಕ್ಕಿಂತ ಶುಭ್ರವೆಂದು ಮಾತ್ರ ನಾನೆಲ್ಲೂ ಓದಿಲ್ಲ.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಕೆಡುವುದು ಬಹುಮಟ್ಟಿಗೆ ನಮ್ಮ ಕೈಯಿಂದ. ಹಿಂದಿನ ಮನೆಗಳಲ್ಲಿ ಬೆಳ್ಳಿಯ ಸರಪಣಿಗೆ ಹಲ್ಲುಕಡ್ಡಿಯ ಜೊತೆಗೆ ಗುಗ್ಗೆ ತೆಗೆಯುವ ಪುಟ್ಟ ಸೌಟೊಂದು ಜೋಲಾಡುತ್ತಿತ್ತು. ಅದಿಲ್ಲದವರಿಗೆ ಬೆಂಕಿಕಡ್ಡಿ, ಹೇರ್‌ಪಿನ್ನು, ಬೀಗದ ಕೈ. ಈಗ ಹತ್ತಿ ಸುತ್ತಿದ ಕಡ್ಡಿ ಬಂದಿದೆ. ಮೆತ್ತಗೆ ಕಾಣುವುದರಿಂದ ಅದು ಹೆಚ್ಚು ಮೋಸಗಾರ. ಅದು ಹೊರಗೆ ತರುವುದು ಎಳ್ಳಷ್ಟು; ಉಳಿದದ್ದನ್ನು ಒಳಕ್ಕೆ ದೂಡಿ, ಅದು ತಾನಾಗಿ ಮರಳಿ ಬರಲಾರದಂತೆ ಗಿಡಿಯುತ್ತದೆ. ತಮಟೆಯ ದಪ್ಪವಾದರೂ ಎಷ್ಟು? ಒಂದು ಮಿಲಿಮೀಟರಿನ ಸುಮಾರು ಹತ್ತನೆಯ ಒಂದು ಭಾಗ. ಅದರಾಚೆಗೆ ದೇಹದ ಅತ್ಯಂತ ಕಿರಿಯ ಮೂಳೆಗಳು ಮೂರು ಕೊಂಡಿ ಹಾಕಿಕೊಂಡು ನಿಂತಿವೆ. ಕಡ್ಡಿ ಕಿವಿಯಲ್ಲಿರುವಾಗ ಓಡಿಬಂದ ಮೊಮ್ಮಗುವೊಂದು ಮೊಣಕೈಗೆ ತಾಗಿದರೆ ಸಾಕು.

ಹೀಗೆ ಗಿಡಿದ ಗುಗ್ಗೆ ನಡುವೆ ಕೂದಲಷ್ಟು ಸಂದು ಇರುವ ತನಕ ತೊಂದರೆ ತೋರುವುದಿಲ್ಲ. ತಲೆಗೆ ಸ್ನಾನ ಮಾಡಿದ ದಿನ ನೀರು ಕುಡಿದು ಉಬ್ಬಿ ಆ ಸಂದೂ ಮುಚ್ಚುತ್ತದೆ. ಕಿವಿಗೆ ನೀರು ಹೋಯಿತೆಂದು ನಾವು ತಲೆ ಓಲಿಸಿ ಕುಣಿಯುತ್ತೇವೆ. ವಯಸ್ಸಾದವರಲ್ಲಿ ಗುಗ್ಗೆ ಒಣಗಿ ಗಟ್ಟಿಯಾಗುವುದು ಹೆಚ್ಚು. ಶ್ರವಣಯಂತ್ರ ಧರಿಸುವವರಲ್ಲಿ ಯಂತ್ರವೇ ಅದರ ದಾರಿಗೆ ಅಡ್ಡ.

ಸುಶ್ರುತಸಂಹಿತೆ ಇಪ್ಪತ್ತೆಂಟು ಕರ್ಣರೋಗಗಳನ್ನು ಎಣಿಸುವಾಗ ಕರ್ಣಗೂಥವನ್ನೂ ಸೇರಿಸಿದೆ. ಅಲ್ಲಿ ಹೇಳಿದ ಕ್ರಮ ನೋಡಿ: ಮೊದಲು ಎಣ್ಣೆಯಿಂದ ನೆನೆಸುವುದು, ಬಳಿಕ ಶಾಖದಿಂದ ಮೆದುಗೊಳಿಸುವುದು, ಆಮೇಲೆ ಶಲಾಕೆಯಿಂದ ತೆಗೆಯುವುದು, ತೆಗೆಯುವವನು ವೈದ್ಯ. ನಾವು ಮೊದಲೆರಡನ್ನು ಮರೆತು ಶಲಾಕೆಯೊಂದನ್ನು ಕೈಗೆ ತೆಗೆದುಕೊಂಡೆವು. ಇಂದಿನ ವೈದ್ಯರ ಕ್ರಮವೂ ಬಹಳ ದೂರವಿಲ್ಲ. ಸೋಡಾ ಬೈಕಾರ್ಬನೇಟ್ ಬೆರೆತ ಗ್ಲಿಸರಿನ್ ಹನಿಯನ್ನೋ ಆಲಿವ್ ಎಣ್ಣೆಯನ್ನೋ ಮೂರರಿಂದ ಐದು ದಿನ, ಮಗ್ಗುಲಾಗಿ ಮಲಗಿ ಕೆಲವು ತೊಟ್ಟು ಬಿಟ್ಟುಕೊಳ್ಳಬೇಕು. ಮೊದಲ ದಿನಗಳಲ್ಲಿ ಗುಗ್ಗೆ ಉಬ್ಬಿ ಕಿವಿ ಇನ್ನಷ್ಟು ಮಂದವಾದರೆ ಗಾಬರಿ ಬೇಡ. ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ವೈದ್ಯರು ಪಿಚಕಾರಿಯ ನೀರಿನಿಂದ ತೊಳೆಯುತ್ತಾರೆ, ಇಲ್ಲವೆ ಕಣ್ಣಾರೆ ನೋಡುತ್ತ ಹೀರಿ ತೆಗೆಯುತ್ತಾರೆ. ಕಿವಿ ಸೋರುವವರು, ತಮಟೆ ಹರಿದವರು, ಹಿಂದೆ ಕಿವಿಯ ಶಸ್ತ್ರಕ್ರಿಯೆ ಆದವರು ಹನಿಯನ್ನೂ ನೀರನ್ನೂ ತಾವಾಗಿ ಹಾಕಿಕೊಳ್ಳಕೂಡದು. ಸಕ್ಕರೆ ಕಾಯಿಲೆಯವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕಿವಿಯಲ್ಲಿ ಮೇಣದ ಕೊಳವೆ ನಿಲ್ಲಿಸಿ ಹೊತ್ತಿಸುವ ವಿದ್ಯೆಯಿಂದ ಗುಗ್ಗೆ ಬರುವುದಿಲ್ಲ, ಸುಟ್ಟಗಾಯ ಬರಬಹುದು.

ತೊಳೆಯುವ ನೀರು ಮೈಶಾಖದಷ್ಟೇ, ಎಂದರೆ ಸುಮಾರು 37 ಡಿಗ್ರಿ, ಇರಬೇಕು. ಇದರ ಹಿಂದೊಂದು ಕಥೆಯಿದೆ. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ರೋಗಿಗಳ ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೂ ಬಿಸಿಯಿದ್ದರೂ ಅವರಿಗೆ ತಲೆ ಸುತ್ತುವುದನ್ನು, ಕಣ್ಣುಗುಡ್ಡೆಗಳು ಒಂದಕ್ಕೆ ಒಂದು ದಿಕ್ಕಿಗೂ ಇನ್ನೊಂದಕ್ಕೆ ಅದರ ಎದುರು ದಿಕ್ಕಿಗೂ ಅದುರುವುದನ್ನು ಗಮನಿಸಿದರು. ಒಳಕಿವಿಯ ಸಮತೋಲದ ರಹಸ್ಯ ತೆರೆದದ್ದು ಹೀಗೆ. ಅದಕ್ಕೆ 1914ರ ನೊಬೆಲ್ ಬಹುಮಾನ ಸಂದಿತು. ಸುದ್ದಿ ತಲುಪಿದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು.

ಕಿವಿ ಮುಚ್ಚಿದ್ದೆಲ್ಲ ಗುಗ್ಗೆಯಿಂದಲೇ ಅಲ್ಲ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿಯಾಡಿಸುವ ಒಂದು ಕಿರುನಾಳವುಂಟು. ನೆಗಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಬಸ್ಸು ಆಗುಂಬೆಯ ಘಟ್ಟ ಇಳಿಯುವಾಗ ಕಿವಿ ಗಡಚಿಕ್ಕುವುದೂ ಅದರಿಂದಲೇ. ಉಗುಳು ನುಂಗಿದರೆ, ಆಕಳಿಸಿದರೆ ತೆರೆಯುತ್ತದೆ. ಮಳೆಗಾಲದ ತೇವದಲ್ಲಿ ಕಿವಿಯೊಳಗೆ ಬೂಷ್ಟು ಬೆಳೆದು ತುರಿಸುವುದುಂಟು; ಆಗ ಎಣ್ಣೆ ಬಿಡುವುದು ತರವಲ್ಲ. ಶಾಲೆಯಲ್ಲಿ ಕರೆದರೆ ಓಗೊಡದ ಮಗುವಿಗೆ ಗದರುವ ಮೊದಲು ಅದರ ತಮಟೆಯ ಹಿಂದೆ ನೀರು ನಿಂತಿದೆಯೇ ಎಂದು ಪರೀಕ್ಷಿಸಿಸಬೇಕು. ಮಕ್ಕಳು ಕಿವಿಗೆ ಕಾಳು ತೂರಿಸಿಕೊಂಡರೆ ನೀರು ಹಾಕಬೇಡಿ, ಕಾಳು ಊದುತ್ತದೆ. ಗುಂಡಿಯಂಥ ಬ್ಯಾಟರಿಯಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ನನ್ನ ಪರಿಚಯದ ಹಿರಿಯರೊಬ್ಬರನ್ನು ಮನೆಯವರು ಎರಡು ವರ್ಷ ಮಾತಿನಿಂದ ಹೊರಗಿಟ್ಟಿದ್ದರು. ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುತ್ತಾರೆ, ಅರುಳುಮರುಳು ಎಂದು ತೀರ್ಮಾನವಾಗಿತ್ತು. ಎರಡೂ ಕಿವಿಯ ಗುಗ್ಗೆ ತೆಗೆಸಿದ ದಿನ ಅವರು, ವೈದ್ಯರ ಕೋಣೆಯ ಫ್ಯಾನು ಯಾವಾಗಲೂ ಇಷ್ಟು ಸದ್ದು ಮಾಡುತ್ತದೆಯೇ ಎಂದು ವಿಚಾರಿಸಿದರಂತೆ.

ಇನ್ನೊಬ್ಬರ ವಿಷಯ ಹೀಗಾಗಲಿಲ್ಲ. ಒಂದು ಬೆಳಗ್ಗೆ ಏಳುವಾಗ ಅವರ ಒಂದು ಕಿವಿ ಮುಚ್ಚಿದಂತಿತ್ತು. ನೆಗಡಿಯಿಲ್ಲ, ನೋವಿಲ್ಲ. ಗುಗ್ಗೆಯಿರಬೇಕೆಂದು ಮೂರು ವಾರ ಎಣ್ಣೆ ಬಿಟ್ಟರು. ಕೆಟ್ಟದ್ದು ಒಳಕಿವಿಯಾಗಿತ್ತು, ಆ ಕಿವಿ ಮರಳಲಿಲ್ಲ. ಇಂಥದರಲ್ಲಿ ಒಂದೆರಡು ದಿನಗಳೊಳಗೆ ಸ್ಟಿರಾಯ್ಡ್ ಚಿಕಿತ್ಸೆ ಆರಂಭವಾದರೆ ಶ್ರವಣ ಉಳಿಯುವ ಸಂಭವ ಹೆಚ್ಚು. ಸುಳಿವು ಹಿಡಿಯಲು ಮನೆಯಲ್ಲೇ ಒಂದು ಉಪಾಯವುಂಟು. ತುಟಿ ಮುಚ್ಚಿ, ಓಂಕಾರದ ಕೊನೆಯ ಮಕಾರವನ್ನು ಎಳೆದಂತೆ ಗುನುಗಿ ನೋಡಿ. ದನಿ ಮುಚ್ಚಿದ ಕಿವಿಯಲ್ಲೇ ಜೋರಾಗಿ ಮೊಳಗಿದರೆ ಅಡ್ಡಿ ಬಹುಶಃ ಗುಗ್ಗೆಯದೋ ನೆಗಡಿಯದೋ ಇರಬೇಕು. ಚೆನ್ನಾಗಿರುವ ಕಿವಿಯ ಕಡೆಗೇ ಅದು ವಾಲಿದರೆ, ಅಂದೇ ಕಿವಿಯ ವೈದ್ಯರನ್ನು ಕಾಣಿರಿ. ಇದು ಬರಿಯ ಸುಳಿವು. ಹಠಾತ್ತಾಗಿ ಮುಚ್ಚಿದ ಕಿವಿಯನ್ನು, ಗುನುಗು ಎತ್ತ ವಾಲಿದರೂ, ವೈದ್ಯರಿಗೆ ತೋರಿಸುವುದನ್ನು ಮುಂದಕ್ಕೆ ಹಾಕಬೇಡಿ.