ಯಾರ ಕೈಯ ಫೋನು, ಯಾರ ದುಡಿಮೆ?



1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ನಮ್ಮ ಕಲಬುರಗಿ ಸೀಮೆಯ ಕಲ್ಲು-ಕಾಳುಗಳಿಗೆ ದೂರದ ಪೇಟೆಯ ದಾರಿ ತೆರೆಯಿತು. ಮಾಲು ಹೋಯಿತು ನಿಜ. ಅಲ್ಲಿನ ದರ ಎಷ್ಟೆಂಬ ಸುದ್ದಿ ಮಾತ್ರ ಹೊಲದ ತನಕ ಬರಲಿಲ್ಲ. ಅದು ಅಡತಿ ಅಂಗಡಿಯ ಗಾದಿಯ ಮೇಲೇ ಕುಳಿತಿತು. ಆ ಸುದ್ದಿಯನ್ನು ಗಾದಿಯಿಂದ ಇಳಿಸಿದ್ದು ಮೊಬೈಲು.

ಶಹಾಬಾದಿನ ಫರಸಿಯನ್ನೇ ನೋಡಿ. ಒಣಗಿದ ಕಲ್ಲು ಬೂದಿಬಣ್ಣದ್ದು. ಒಂದು ಚೊಂಬು ನೀರು ಸುರಿದರೆ ಒಳಗಿನ ನೀಲಿಛಾಯೆ, ಎಳೆ, ಬಿರುಕು ಎಲ್ಲವೂ ಎದ್ದು ಕಾಣುತ್ತವೆ. ಮೊದಲು ಅದನ್ನು ನೋಡಲು ಗಿರಾಕಿ ಖಣಿಗೇ ಬರಬೇಕಿತ್ತು. ಈಗ ಒದ್ದೆ ಕಲ್ಲಿನ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹೈದರಾಬಾದಿಗೆ ಹೋಗುತ್ತದೆ, ಮುಂಗಡ ಯುಪಿಐನಲ್ಲಿ ಬರುತ್ತದೆ. ಆದರೆ ಕಲ್ಲು ಎಬ್ಬಿಸುವವನ ಸುತ್ತಿಗೆ, ಗಡಾರಿ, ಎದೆಗಿಳಿಯುವ ಧೂಳು ಹಾಗೇ ಇವೆ.

ಸೇಡಂ, ಚಿತ್ತಾಪುರ, ಚಿಂಚೋಳಿಗಳು ತೊಗರಿಯ ನಾಡು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದಕ್ಕೂ ಮೊದಲೇ, 2014ರಲ್ಲಿ, ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸೇರಿ ಎಪಿಎಂಸಿಗಳ ಆನ್‌ಲೈನ್ ಟೆಂಡರಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಕಟ್ಟಿದ್ದವು. ಈಗ ರಾಶಿಯ ಹೊತ್ತಿಗೆ ರೈತ ಕಣದಲ್ಲೇ ನಿಂತು ದರ ಕೇಳಬಲ್ಲ. ಮೊದಲೇ ಸಾಲ ಕೊಟ್ಟ ಅಡತಿಯವನ ಎದುರು ಆ ದರ ಹಿಡಿದು ನಿಲ್ಲುವ ಶಕ್ತಿಯನ್ನು ಮಾತ್ರ ಫೋನು ಕೊಡಲಾರದು.

ಮಳಖೇಡ, ವಾಡಿಯ ಸಿಮೆಂಟ್ ಲಾರಿಗಳದ್ದೂ ಇದೇ ಕಥೆ. 2018ರ ಏಪ್ರಿಲ್‌ನಿಂದ ಸರಕು ಸಾಗಣೆಗೆ ಇ-ವೇ ಬಿಲ್ ಬಂದಿದೆ, ಬಾಡಿಗೆ ಫೋನಿನಲ್ಲೇ ಕುದುರುತ್ತದೆ. ಚಾಲಕ ಎಲ್ಲಿದ್ದಾನೆಂಬುದು ಮಾಲೀಕನಿಗೆ ಕ್ಷಣಕ್ಷಣಕ್ಕೂ ಗೊತ್ತು. ಆ ಚಾಲಕ ನಿದ್ದೆ ಮಾಡಿ ಎಷ್ಟು ಹೊತ್ತಾಯಿತೆಂದು ಕೇಳುವ ಆ್ಯಪ್ ಮಾಲೀಕನ ಫೋನಿನಲ್ಲಿ ಇರುವುದು ಅಪರೂಪ.

ಚಿಂಚೋಳಿಯ ತಾಂಡಾಗಳ ಕಡೆ ಹೋದರೆ ಫೋನಿನ ಇನ್ನೊಂದು ಮುಖ ಕಾಣುತ್ತದೆ. ಮುಂಬೈ, ಪುಣೆಗೆ ಗುಳೆ ಹೋದ ಮಗ ವಿಡಿಯೊ ಕರೆಯಲ್ಲಿ ಅವ್ವನ ಮುಖ ನೋಡುತ್ತಾನೆ; ಗಳಿಸಿದ ಹಣ ಅಂದೇ ಮನೆ ಮುಟ್ಟುತ್ತದೆ. ಅಂಚೆಯಣ್ಣನ ಮನಿಯಾರ್ಡರಿಗೆ ವಾರಗಟ್ಟಲೆ ಕಾದ ಮನೆಗಳಿಗೆ ಇದು ಸಣ್ಣ ಸುಖವಲ್ಲ.

ಊರಲ್ಲೇ ಉಳಿದು ಉದ್ಯೋಗ ಖಾತರಿ ಕೆಲಸಕ್ಕೆ ಹೋದವರ ಪಾಲಿಗೆ ಫೋನು ಹಾಜರಿ ಪುಸ್ತಕವಾಯಿತು. 2023ರ ಜನವರಿ 1ರಿಂದ ಸಾಮೂಹಿಕ ಕಾಮಗಾರಿಗಳಲ್ಲಿ ಹಾಜರಿ ಹಿಡಿಯುವ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ, ಜಾಗದ ಗುರುತಿನೊಂದಿಗೆ ಫೋಟೊ. ಸುಳ್ಳು ಹಾಜರಿ ತಡೆಯುವ ಉದ್ದೇಶ ಸರಿಯಾದದ್ದೇ. ಆದರೆ ಬೆಳಗಿನ ಪಾಳಿಯಲ್ಲೇ ಅಳತೆಯ ಮಣ್ಣು ಅಗೆದು ಮುಗಿಸಿದ ಹೆಂಗಸು ಎರಡನೆಯ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕು. ಸಿಗ್ನಲ್ ಇಲ್ಲದೆ ಫೋಟೊ ಆ್ಯಪ್‌ಗೆ ಏರದಿದ್ದರೆ ಅಗೆದ ಗುಂಡಿ ಕಣ್ಣೆದುರಿಗಿದ್ದರೂ ಕೂಲಿಗೆ ತಕರಾರು.

ಈ ಸೀಮೆಯ ಜನ ಕೇಳಬೇಕಾದದ್ದು ಇದನ್ನೇ: ಸಿಗ್ನಲ್ ಸಿಗದ ದಿನ ಅಗೆದ ಗುಂಡಿಯನ್ನು ಟೇಪು ಹಿಡಿದು ಅಳೆಯಲಿ, ಕೂಲಿಗುಂಪಿನ ಮುಂದಾಳು ಮೇಟಿಯ ಕೈಬರಹದ ಹಾಜರಿಗೂ ಬೆಲೆ ಇರಲಿ, ತಕರಾರು ತೀರುವ ಜಾಗ ಗ್ರಾಮ ಪಂಚಾಯಿತಿಯ ಕಟ್ಟೆಯಾಗಲಿ.