ಗಣರಾಜ್ಯದ ದಿನವೂ ನಮ್ಮ ರಾಜ್ಯೋತ್ಸವವೂ

(ಭಿವಂಡಿಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ ಒಂದರ ಸಭೆಯಲ್ಲಿ ಜನವರಿ ೨೬ರ ಮಾತೇಕೆ ಎಂದು ಕೆಲವರು ಹುಬ್ಬೇರಿಸಿಯಾರು. ಕೊಂಚ ತಾಳಿರಿ. ಈ ಎರಡು ದಿನಗಳಿಗೂ ನಂಟುಂಟು. ಅದು ನಮ್ಮ ಮಕ್ಕಳಿಗೆ ಸಂಬಂಧಿಸಿದ್ದು.

೧೯೨೯ರ ಡಿಸೆಂಬರಿನಲ್ಲಿ ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯವೇ ಗುರಿಯೆಂದು ಸಾರಿತು. ೧೯೩೦ರ ಜನವರಿ ೨೬ರಂದು ಊರೂರುಗಳಲ್ಲಿ ಜನ ನೆರೆದು ಪ್ರತಿಜ್ಞೆ ಮಾಡಿದರು. ಅಂದಿನಿಂದ ಅದೇ ಸ್ವಾತಂತ್ರ್ಯದ ದಿನವೆನಿಸಿತ್ತು. ಆದರೆ ಸ್ವಾತಂತ್ರ್ಯ ಬಂದದ್ದು ೧೯೪೭ರ ಆಗಸ್ಟ್ ೧೫ರಂದು. ಹಾಗಾದರೆ ಹಳೆಯ ದಿನದ ಗತಿಯೇನು? ಸಂವಿಧಾನವನ್ನು ೧೯೪೯ರ ನವೆಂಬರ್ ೨೬ರಂದೇ ಅಂಗೀಕರಿಸಿದ್ದರೂ ಅದರ ಬಹುಭಾಗವನ್ನು ೧೯೫೦ರ ಜನವರಿ ೨೬ರಿಂದ ಜಾರಿಗೆ ತಂದರು. ಪ್ರತಿಜ್ಞೆ ಮಾಡಿದ ದಿನಕ್ಕೆ ಹೀಗೆ ಮರ್ಯಾದೆ ಸಂದಿತು.

ಇನ್ನು ನಮ್ಮ ಮಾತು. ೧೯೫೬ರ ನವೆಂಬರ್ ೧ರಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾದುವು. ಅದೇ ದಿನ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಅದರಲ್ಲಿ ೩೫೦ಎ ಎಂಬ ಹೊಸ ವಿಧಿಯೊಂದು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂಬುದು ಅದರ ತಾತ್ಪರ್ಯ. ಗಡಿಗೆರೆ ಎಳೆದಾಗ ಆಚೆ ಉಳಿದವರು, ಹೊಟ್ಟೆಪಾಡಿಗಾಗಿ ಆಚೆ ಬಂದವರು ಎಂಬ ಭೇದವನ್ನು ಅದು ಮಾಡಿಲ್ಲ. ಕಾಸರಗೋಡಿನ ಮಗುವಿಗೆ ಸಲ್ಲುವ ಮಾತು ಭಿವಂಡಿಯ ಮಗ್ಗದ ಸದ್ದಿನಲ್ಲಿ ಬೆಳೆಯುವ ನಮ್ಮ ಮಗುವಿಗೂ ಸಲ್ಲುತ್ತದೆ.

ಆದರೆ ಒಂದನ್ನು ಗಮನಿಸಿರಿ. ‘ಪ್ರಯತ್ನಿಸಬೇಕು’ ಎಂದಿದೆಯೇ ಹೊರತು ‘ಒದಗಿಸಲೇಬೇಕು’ ಎಂದಿಲ್ಲ. ಕೇಳುವವರಿಲ್ಲದಿದ್ದರೆ ಯಾರು ತಾನೆ ಪ್ರಯತ್ನಿಸುತ್ತಾರೆ? ಸರಕಾರವನ್ನು ದೂರುವುದು ಸುಲಭ. ನಾವು ಎಷ್ಟು ಮಂದಿ ಅರ್ಜಿ ಹಿಡಿದು ಹೋದೆವು? ನನ್ನ ಮೊಮ್ಮಗಳು ಅರಳು ಹುರಿದಂತೆ ಕನ್ನಡ ಮಾತನಾಡುತ್ತಾಳೆ. ಊರಿಗೆ ಹೋದಾಗ ಬಸ್ಸಿನ ಹಲಗೆಯನ್ನು ಮಾತ್ರ ನಾನೇ ಓದಿ ಹೇಳಬೇಕು. ತಪ್ಪು ಅವಳದಲ್ಲ, ಅಕ್ಷರ ತಿದ್ದಿಸಲು ನಮಗೇ ಪುರುಸೊತ್ತಾಗಲಿಲ್ಲ.

ಮರಾಠಿ ಬೇಡವೆಂದು ನಾನು ಹೇಳುತ್ತಿಲ್ಲ. ಅದು ನಾವು ಉಪ್ಪುಂಡ ನೆಲದ ನುಡಿ, ಚೆನ್ನಾಗಿಯೇ ಕಲಿಯಬೇಕು. ಇಂಗ್ಲಿಷೂ ಬೇಕು. ಇವುಗಳ ಜೊತೆಗೆ ವಾರಕ್ಕೆರಡು ಗಂಟೆ ಕನ್ನಡಕ್ಕೆ ಕೊಟ್ಟರೆ ಮಕ್ಕಳ ತಲೆಯೇನೂ ಭಾರವಾಗದು. ಹಿಂದೆ ಮುಂಬಯಿಯ ಹೊಟೇಲುಗಳಲ್ಲಿ ಹಗಲೆಲ್ಲ ದುಡಿದ ನಮ್ಮ ಹುಡುಗರು ರಾತ್ರಿಶಾಲೆಗಳಿಗೆ ಹೋಗಿ ಕಲಿತರು. ಅವರಿಗೆ ನಮಗಿಂತ ಹೆಚ್ಚು ಬಿಡುವಿತ್ತೆಂದು ನನಗೆ ತೋರದು.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪುಸ್ತಕವಿಟ್ಟಿದೆ. ಊಟಕ್ಕೆ ಏಳುವ ಮುನ್ನ ನಿಮ್ಮ ಮನೆಯಲ್ಲಿ ಪ್ರಾಥಮಿಕ ಶಾಲೆಗೆ ಹೋಗುವ ಮಕ್ಕಳೆಷ್ಟು, ಯಾವ ತರಗತಿ ಎಂಬುದನ್ನು ಅದರಲ್ಲಿ ಬರೆಯಿರಿ. ಜನವರಿ ೨೬ರೊಳಗೆ ಆ ಪಟ್ಟಿಯೊಡನೆ ಅರ್ಜಿ ಕೊಡೋಣ. ಮೊದಲನೆಯ ಸಾಲಿನಲ್ಲಿ ನನ್ನ ಮೊಮ್ಮಗಳ ಹೆಸರನ್ನು ಬರೆದಿದ್ದೇನೆ.